ಗೋಡೆಗೆ ಓರೆ, ಫರಸಿಗೆ ನೆಟ್ಟಗೆ

5 ಸೆಪ್ಟೆಂಬರ್ 2024, ಗುರುವಾರ

ಶಿಕ್ಷಕರ ದಿನಕ್ಕೆ ಗುತ್ತಲ ಸರ್ ನನಗೊಂದು ಉಡುಗೊರೆ ಕಳಿಸಿದ್ದಾರೆ. ಕೊಡಬೇಕಾದವಳು ಶಿಷ್ಯೆ, ಅಂದರೆ ನಾನು. ಆದರೆ ನಮ್ಮ ಗೈಡ್ ಸಾಹೇಬರ ರೀತಿಯೇ ಬೇರೆ.

ರಾಣೆಬೆನ್ನೂರಿನ ನಮ್ಮ ಕಾಲೇಜಿನಲ್ಲಿ ಮಕ್ಕಳು ಗುಲಾಬಿ ಹಿಡಿದು ಸ್ಟಾಫ್ ರೂಮಿಗೆ ಬಂದ ಹೊತ್ತಿಗೇ ಫೋನಿಗೆ ಹೊಸ ಪೇಪರ್ ಬಂತು. ಕಬ್ಬಿಣದ ಅತಿವಾಹಕಗಳಲ್ಲಿ ಎಲೆಕ್ಟ್ರಾನುಗಳು ಹೇಗೆ ನೆಲೆ ಹಿಡಿಯುತ್ತವೆ ಎಂದು ನಾನು ನಾಲ್ಕು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಹಾಕಿದ ಲೆಕ್ಕವೆಲ್ಲ ಅಚ್ಚಾಗಿದೆ. ಮೊದಲ ಹೆಸರು ವಿಕ್ರಮನದು, ಸರ್ ಅವರ ಇನ್ನೊಬ್ಬ ಪಿಎಚ್‌ಡಿ ವಿದ್ಯಾರ್ಥಿ. ಎರಡನೆಯದು ಸರ್ ಅವರದೇ. ನನ್ನ ಹೆಸರು ಹುಡುಕುತ್ತ ಕೊನೆಯ ಪುಟಕ್ಕೆ ಬಂದರೆ ಅಲ್ಲಿ ಇರುವೆಯಂಥ ಅಕ್ಷರದಲ್ಲಿ, 'ಚಿತ್ರಗಳನ್ನು ಸಿದ್ಧಪಡಿಸಲು ನೆರವಾದ ಶ್ರೀಮತಿ ಪದ್ಮಜಾ ಅವರಿಗೆ ಕೃತಜ್ಞತೆಗಳು.'

ಚಿತ್ರಗಳನ್ನು! ನಾನೇನು ಅಂಗಡಿಗೆ ಬೋರ್ಡು ಬರೆದುಕೊಟ್ಟವಳೇ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇದನ್ನು ಬರೆಯುತ್ತಿರುವುದು ಸಿಟ್ಟು ಇಳಿಯಲಿ ಎಂದು. ಇಳಿದಿಲ್ಲ.

8 ಸೆಪ್ಟೆಂಬರ್, ರವಿವಾರ

ಹಾವೇರಿಗೆ ಹೋಗಿ ಬಂದೆ. ಸರ್ ನಿವೃತ್ತರಾಗಿ ಅಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ. ಗಣಪತಿ ಕೂಡಿಸಿದ್ದರು. ಜಗಳ ತೆಗೆಯಬೇಕೆಂದು ಹೋದವಳ ಕೈಗೆ ಕಡುಬಿನ ತಟ್ಟೆ ಬಂತು.

"ನೋಡವಾ ಪದ್ಮಜಾ," ಅಂದರು. "ವಿಕ್ರಮಗ ಸಂದರ್ಶನ ಬಂದೈತಿ, ಅವಂಗ ಜರೂರ ಇತ್ತು. ನಿಂದೇನು? ಮನಿ ಐತಿ, ನೌಕರಿ ಐತಿ, ಗಂಡ ಅದಾನ. ಹೆಸರಿನಾಗ ಏನೈತಿ? ಕಲತಿದ್ದು ಎಲ್ಲಿ ಹೋಗತೈತಿ, ನಿನ್ನ ಹಂತ್ಯಾಕ ಇರತೈತಲ್ಲ."

ನಾಲಿಗೆಯ ತುದಿಯಲ್ಲಿ ಹತ್ತು ಮಾತಿದ್ದವು. ಕಡುಬು ತಿಂದೆ. ಅದೇ ನಾಚಿಕೆ.

ಬಸ್ಸಿನಲ್ಲಿ ನಮ್ಮೂರು ಬ್ಯಾಡಗಿ ಬರುವವರೆಗೂ ಒಂದೇ ಮಾತು ಹೇಳಿಕೊಂಡೆ. ನನ್ನ ಕೈಕೆಳಗೆ ಯಾರಾದರೂ ಕಲಿಯಲು ಬಂದರೆ ಅವರಿಗೆ ಹೀಗೆ ಮಾಡಲಾರೆ. ಸತ್ತರೂ ಮಾಡಲಾರೆ.

1 ಅಕ್ಟೋಬರ್, ಮಂಗಳವಾರ

ಯುನಿವರ್ಸಿಟಿಯಿಂದ ಪತ್ರ. ನನ್ನ ನೋಂದಣಿ ಬರುವ ಜೂನ್ ಕೊನೆಗೆ ಮುಗಿಯುತ್ತದೆ, ಇನ್ನು ವಿಸ್ತರಣೆ ಇಲ್ಲ. ಅಷ್ಟರೊಳಗೆ ನನ್ನ ಹೆಸರು ಮೊದಲಿರುವ ಒಂದು ಪೇಪರ್ ಸ್ವೀಕಾರವಾಗಿರಬೇಕು. ಇಲ್ಲವಾದರೆ ಪಿಎಚ್‌ಡಿ ಇಲ್ಲ. ಪಿಎಚ್‌ಡಿ ಇಲ್ಲದಿದ್ದರೆ ಕಾಯಂ ಹುದ್ದೆ ಇಲ್ಲವೆಂದು ಪ್ರಾಂಶುಪಾಲರು ನಗುನಗುತ್ತಲೇ ಹೇಳಿದ್ದಾರೆ. ಇದ್ದ ಒಂದು ಪೇಪರನ್ನು ವಿಕ್ರಮ ಹೊತ್ತುಕೊಂಡು ಹೋದ.

ಉಳಿದಿರುವುದು ಕಡೆಯ ಅಧ್ಯಾಯ, ಅದು ಮೊದಲಿನಿಂದಲೂ ಕೈಗೆ ಹತ್ತುತ್ತಿಲ್ಲ. ಕಬ್ಬಿಣ, ಸೆಲೆನಿಯಂ, ಅದಕ್ಕೆ ಚೂರು ಗಂಧಕ ಬೆರೆಸಿದ ಹರಳು. ತಣ್ಣಗೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ಅದರ ಚೌಕ ಕಟ್ಟು ತುಸು ಒಂದು ಕಡೆಗೆ ವಾಲುತ್ತದೆ. ಎಲೆಕ್ಟ್ರಾನುಗಳು ಎರಡು ದಿಕ್ಕಿನಲ್ಲಿ ಒಂದನ್ನು ಆರಿಸಿಕೊಂಡುಬಿಡುತ್ತವೆ. ಆದರೆ ಹರಳಿನ ಒಂದು ತುಣುಕು ಈ ಕಡೆ, ಪಕ್ಕದ್ದು ಆ ಕಡೆ ವಾಲುವುದರಿಂದ ಒಟ್ಟಿಗೆ ನೋಡಿದವರಿಗೆ ಎಲ್ಲ ಸಮವಾಗಿಯೇ ಕಾಣುತ್ತದೆ. ಪಕ್ಕದಿಂದ ಸ್ವಲ್ಪ ಒತ್ತಬೇಕು. ಒತ್ತಿದರೆ ಮಾತ್ರ ಯಾವ ಕಡೆ ವಾಲಿದೆ ಎಂದು ಗೊತ್ತಾಗುವುದು.

ಒತ್ತಿ ನೋಡಿದ ಪ್ರಯೋಗದವರಿಗೆ ಎಲೆಕ್ಟ್ರಾನುಗಳು ತುಂಬಿಕೊಳ್ಳುವ ಜಾಗ, ನಾವು ಪಾಕೆಟ್ ಎನ್ನುವುದು, ಒಂದೇ ಕಂಡಿದೆ. ನನ್ನ ಲೆಕ್ಕ ಎರಡಿವೆ ಎನ್ನುತ್ತದೆ. ಎರಡನೆಯದು ಎಲ್ಲಿ ಹೋಯಿತು? ಹರಳಿನಲ್ಲಿ ಇಲ್ಲದ್ದು ನನ್ನ ಲೆಕ್ಕದಿಂದ ಯಾಕೆ ಹೋಗುತ್ತಿಲ್ಲ?

ಮೆಣಸಿನಕಾಯಿ ದಲಾಲಿ ಅಂಗಡಿಯಿಂದ ಬಂದ ನಮ್ಮವರು ಸೀನುತ್ತ ಕೇಳಿದರು, "ನಿನ್ನ ಕಿಸೆ ಸಿಕ್ಕಿತೇನ?"

ಪಾಕೆಟ್ಟಿಗೆ ಅವರು ಇಟ್ಟ ಹೆಸರು ಕಿಸೆ. ನನಗೂ ಅದೇ ರೂಢಿಯಾಗಿದೆ.

"ಇಲ್ಲ," ಅಂದೆ.

"ನಾವು ಮಂದಿ ಕಿಸೇದಾಗ ಕೈ ಹಾಕಿದ್ರ ಕಳ್ಳ ಅಂತಾರ. ನೀವು ಹಾಕಿದ್ರ ವಿಜ್ಞಾನ!"

ನಗು ಬರಲಿಲ್ಲ ಎಂದು ಬರೆಯಬೇಕೆಂದಿದ್ದೆ. ಬಂತು.

22 ಅಕ್ಟೋಬರ್, ಮಂಗಳವಾರ

ಎಂಎಸ್‌ಸಿ ಕಡೆಯ ವರ್ಷದ ಹುಡುಗಿಯೊಂದನ್ನು ಪ್ರಾಜೆಕ್ಟ್ ಮಾಡಿಸಿರೆಂದು ನನ್ನ ಕೊರಳಿಗೆ ಕಟ್ಟಿದ್ದಾರೆ. ಹೆಸರು ನಾಗಲಕ್ಷ್ಮಿ, ಮೇಡ್ಲೇರಿಯಿಂದ ಬಸ್ಸಿಗೆ ಬರುತ್ತದೆ. ಏನು ಹೇಳಿದರೂ ಯಾಕ್ರಿ ಎನ್ನುತ್ತದೆ. ಲೆಕ್ಕಕ್ಕೆ ಈ ಅಂಕಿ ಹಾಕು ಎಂದರೆ "ಯಾಕ್ರಿ ಮೇಡಂ?" ಊಟಕ್ಕೆ ಹೋಗು ಎಂದರೂ ಯಾಕ್ರಿ ಎಂದೀತು.

ನನಗೆ ಮೈತುಂಬ ಕೆಲಸ. ಇದೊಂದು ಬೇರೆ.

14 ನವೆಂಬರ್, ಗುರುವಾರ

ಎಲೆಕ್ಟ್ರಾನುಗಳು ಕೂರುವ ಎರಡೂ ಆರ್ಬಿಟಲ್ಲುಗಳು ಲೆಕ್ಕದಲ್ಲಿ ಮತ್ತೆ ಸಮ. ವಾಲಿಸಿದರೂ ಸಮ, ಇನ್ನಷ್ಟು ವಾಲಿಸಿದರೂ ಸಮ. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯಾದರೂ ಓರೆಯಾಗುತ್ತಿತ್ತು.

5 ಡಿಸೆಂಬರ್, ಗುರುವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಲ್ಯಾಬಿನ ಮೇಜು ಸಾಲದೆ ನಕ್ಷೆಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡಿದ್ದೆವು. ನಮ್ಮ ಲ್ಯಾಬಿನ ಫರಸಿ ಕಲ್ಲುಗಳನ್ನು ಯಾವ ಪುಣ್ಯಾತ್ಮ ಹಾಸಿದನೋ, ಗೋಡೆಗೆ ಓರೆಯಾಗಿ, ಶಂಕರಪೋಳಿ ಕತ್ತರಿಸಿದಂತೆ ಹಾಸಿದ್ದಾನೆ. ನಾನು ಗೋಡೆಯ ಗುಂಟ ಹಾಳೆ ಜೋಡಿಸುತ್ತ ಬಂದೆ. ನಾಗಲಕ್ಷ್ಮಿ ಆ ತುದಿಯಿಂದ ಕುಕ್ಕರಗಾಲಲ್ಲಿ ಕೂತು ಜೋಡಿಸುತ್ತ ಬಂದಳು. ನಡುವೆ ಸೇರುವಾಗ ನೋಡಿದರೆ ಅವಳ ಹಾಳೆಗಳೆಲ್ಲ ಸೊಟ್ಟ.

"ನೆಟ್ಟಗ ಇಡವಾ," ಎಂದು ರೇಗಿದೆ.

"ನೆಟ್ಟಗ ಐತ್ರಿ ಮೇಡಂ. ಫರಸಿಗೆ ನೆಟ್ಟಗೈತಿ, ಗ್ವಾಡಿಗೆ ಓರೆ ಕಾಣತೈತಿ."

ಇಷ್ಟು ಹೇಳಿದವಳು ಹಾಳೆ ಹಿಡಿದುಕೊಂಡೇ ಒಮ್ಮೆ ಗೋಡೆ, ಒಮ್ಮೆ ನೆಲ ನೋಡಿದಳು. ಆಮೇಲೆ ಕೇಳಿದಳು, "ಮೇಡಂ, ನಮ್ಮ ಲೆಕ್ಕದ ಅಕ್ಷ ಎದಕ್ಕ ನೆಟ್ಟಗದಾವ್ರಿ? ಗ್ವಾಡಿಗೋ, ಫರಸಿಗೋ?"

ನನಗೆ ಕೂಡಲೇ ಅರ್ಥವಾಗಲಿಲ್ಲ. ಅವಳೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು. ಕಬ್ಬಿಣದ ಪರಮಾಣುಗಳು ಸಾಲಾಗಿ ಚೌಕದಲ್ಲಿ ಕೂತಿರುತ್ತವೆ. ಸೆಲೆನಿಯಂ ಮಾತ್ರ ಒಂದು ಮೇಲೆ, ಒಂದು ಕೆಳಗೆ. ಹಾಗಾಗಿ ಲೆಕ್ಕಕ್ಕೆ ಎರಡು ಕಬ್ಬಿಣ ಹಿಡಿಸುವ ದೊಡ್ಡ ಚೌಕ ಬೇಕು, ಮತ್ತು ಆ ಚೌಕ ಕಬ್ಬಿಣದ ಸಾಲಿಗೆ ಓರೆಯಾಗಿರುತ್ತದೆ. ನಾನು ಆರ್ಬಿಟಲ್ಲುಗಳನ್ನು ದೊಡ್ಡ ಚೌಕದ ಬದಿಗೆ ಹಿಡಿದು ವಾಲಿಸುತ್ತಿದ್ದೆ. ಅವು ವಾಲಬೇಕಾದದ್ದು ಕಬ್ಬಿಣದ ಸಾಲಿಗೆ. ಓರೆ ಹಿಡಿದರೆ ಇದರಲ್ಲಿ ಅರ್ಧ ಅದು, ಅದರಲ್ಲಿ ಅರ್ಧ ಇದು. ಸಮ ಬರದೆ ಇನ್ನೇನು ಬಂದೀತು?

ಈ ಕೆಲಸ ಮಾಡುವವರಿಗೆಲ್ಲ ಮೊದಲ ವಾರವೇ ಹೇಳುವ ಎಚ್ಚರಿಕೆ ಇದು. ನಾನೂ ತರಗತಿಯಲ್ಲಿ ಹೇಳುತ್ತೇನೆ. ದೀಪದ ಬುಡದಲ್ಲಿ ಕತ್ತಲೆ. ಇಷ್ಟು ವರ್ಷ ನನಗೆ ಕಾಣದ್ದು ಅವಳಿಗೆ ಕಂಡಿತು. ಅವಳನ್ನು ತಬ್ಬಿಕೊಂಡೆ. ಕೈಯ ಸುಣ್ಣವೆಲ್ಲ ನನ್ನ ಸೀರೆಗೆ.

6 ಡಿಸೆಂಬರ್, ಶುಕ್ರವಾರ

ಅಕ್ಷ ತಿರುಗಿಸಿ ಹಾಕಿದೆವು. ಎರಡು ಆರ್ಬಿಟಲ್ಲು ಬೇರೆ ಬೇರೆಯಾದವು! ಆದರೆ ಎರಡನೆಯ ಕಿಸೆ ಇನ್ನೂ ಹೋಗಿಲ್ಲ. ಸಣ್ಣದಾಗಿದೆ. ಮೊಂಡು.

19 ಡಿಸೆಂಬರ್, ಗುರುವಾರ

ನಾಗಿ ಇವತ್ತು ಮತ್ತೆ ಯಾಕ್ರಿ ಅಂದಳು. ಆ ಬಾಯಿಗೆ ಸಕ್ಕರೆ ಹಾಕಬೇಕು.

"ಎರಡು ಆರ್ಬಿಟಲ್ ವಾಲಿಸೀವಿ. ಮೂರನೇದು ಐತಲ್ರಿ, ಅದನ್ನ ಯಾಕ ಮುಟ್ಟಿಲ್ರಿ?"

ಲೆಕ್ಕ ಭಾರವಾಗುತ್ತದೆಂದು ಬಿಟ್ಟಿದ್ದೆ ಎಂದೆ. ಖರೇ ಹೇಳಬೇಕೆಂದರೆ ಅದು ನನ್ನ ತಲೆಗೇ ಬಂದಿರಲಿಲ್ಲ.

"ಅದನ್ನೂ ಒಂಚೂರು ವಾಲಿಸಿ ನೋಡೂಣಲ್ರಿ," ಅಂದಳು. ಎಷ್ಟು ಎಂದು ಅವಳೇ ಮೂರು ದಿನ ಕೂತು ಅಂದಾಜು ಮಾಡಿಕೊಂಡು ಬಂದಿದ್ದಳು. ಹಾಕಿದೆವು. ಮಧ್ಯಾಹ್ನ ಚಹಾ ಕುಡಿದು ಬರುವಷ್ಟರಲ್ಲಿ ಲೆಕ್ಕ ಮುಗಿದಿತ್ತು. ಎರಡನೆಯ ಕಿಸೆ ಮೇಲಕ್ಕೆ ಎದ್ದು ಬರಿದಾಗಿ ಹೋಗಿದೆ. ಪ್ರಯೋಗದಲ್ಲಿ ಹೇಗಿದೆಯೋ ಹಾಗೆಯೇ, ಒಂದೇ ಒಂದು. ಬೆರಕೆ ಇಲ್ಲದ ಹರಳಿಗೆ ಯಾರ್‍ಯಾರೋ ಏನೇನೋ ಕಾರಣ ಕೊಟ್ಟಿದ್ದಾರೆ. ಗಂಧಕ ಬೆರೆಸಿದ್ದಕ್ಕೆ ಹೀಗೆ ಲೆಕ್ಕ ಹಾಕಿ ತೋರಿಸಿದವರು ನಾನು ಓದಿದಷ್ಟರಲ್ಲಿ ಯಾರೂ ಇಲ್ಲ.

ಪೇಪರಿನಲ್ಲಿ ನಿನ್ನ ಹೆಸರು ನನ್ನ ಪಕ್ಕದಲ್ಲೇ ಇರುತ್ತದೆ ಎಂದೆ. ಮೇ ತಿಂಗಳಲ್ಲಿ ದೊಡ್ಡ ಸಂಸ್ಥೆಯೊಂದರಲ್ಲಿ ಸಂಶೋಧನೆಗೆ ಸಂದರ್ಶನ ಕೊಡುವ ಆಸೆ ಅವಳಿಗೆ. ಹೆಸರಿದ್ದರೆ ಬಾಗಿಲು ತೆರೆದಂತೆ.

ಗುತ್ತಲ ಸರ್, ನೋಡಿ ಕಲಿಯಿರಿ.

14 ಜನವರಿ 2025, ಮಂಗಳವಾರ

ಸಂಕ್ರಾಂತಿ. ನಾಗಿಯ ಅವ್ವ ಕರೆದಿದ್ದಳೆಂದು ನಾವಿಬ್ಬರೂ ಮೇಡ್ಲೇರಿಗೆ ಹೋಗಿದ್ದೆವು. ತುಂಗಭದ್ರೆಯಲ್ಲಿ ಮಿಂದು, ದಂಡೆಯ ಮೇಲೆ ಚಾಪೆ ಹಾಸಿ ಉಂಡೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮಾದಲಿ. ನಮ್ಮವರು ಬೆಲ್ಟು ಸಡಿಲಿಸಿದರು.

ನಾಗಿಯ ಅವ್ವ ಉಚ್ಚಂಗೆವ್ವ ನನ್ನೆದುರೇ ಕೂತು ಬಡಿಸುತ್ತ ಕೇಳಿದಳು, "ಅಕ್ಕೋರ, ನಮ್ಮ ಹುಡುಗಿ ಹೆಸರು ಅಚ್ಚಾಕ್ಕೈತಂತಲ್ರಿ, ಖರೇನ?"

"ಖರೇನ. ನನ್ನ ಹೆಸರಿನ ಬಾಜೂಕ ಬರತೈತಿ."

"ಇವರಪ್ಪನ ಹೆಸರೂ ಬರತೈತೇನ್ರಿ?"

ಅಪ್ಪ ಫಕ್ಕೀರಪ್ಪ ಅಷ್ಟು ದೂರದಲ್ಲಿ ಎತ್ತಿನ ಮೈ ತೊಳೆಯುತ್ತಿದ್ದ. ಇನಿಷಿಯಲ್ ಬರುತ್ತದೆ, 'ಎಫ್. ನಾಗಲಕ್ಷ್ಮಿ' ಎಂದು, ಅಂದೆ.

"ಅಷ್ಟ ಸಾಕ್ರಿ ಯವ್ವಾ. ಅವರು ಸಾಲಿ ಮೆಟ್ಟಲಾ ಹತ್ತಿದವರಲ್ಲ. ಒಂದಕ್ಷರ ಬಂದ್ರೂ ಸಾಕು."

ಇನ್ನೊಂದು ಹೋಳಿಗೆ ಬಿತ್ತು. ಬೇಡವೆನ್ನಲಾಗಲಿಲ್ಲ. ಇಷ್ಟು ಹಗುರಾಗಿ ಯಾವ ಹಬ್ಬವನ್ನೂ ಮಾಡಿರಲಿಲ್ಲ.

3 ಫೆಬ್ರವರಿ, ಸೋಮವಾರ

ಮೆಣಸಿನಕಾಯಿ ಮಾರುಕಟ್ಟೆಯ ದಿನ. ಊರು ಊರೇ ಕೆಂಪು, ಊರು ಊರೇ ಕೆಮ್ಮು. ಮನೆಯ ಕಿಟಕಿ ತೆಗೆಯುವಂತಿಲ್ಲ.

ಪೇಪರಿನ ಕರಡನ್ನು ಮೂರು ಹೆಸರು ಹಾಕಿ ಸರ್ ಅವರಿಗೆ ಕಳಿಸಿದ್ದೆ. ನಾನು, ನಾಗಲಕ್ಷ್ಮಿ, ಕೊನೆಗೆ ಗೈಡ್ ಎಂದು ಅವರು. ಫೋನ್ ಬಂತು.

"ಇದು ನಿನ್ನ ಥೀಸಿಸ್ಸಿನ ಕಡೀ ಅಧ್ಯಾಯ ಹೌದಲ್ಲ? ಎಂಎಸ್‌ಸಿ ಹುಡುಗಿ ಹೆಸರು ಎರಡನೇದಾಗ ಕಂಡ್ರ ವೈವಾದಾಗ ಮೊದಲನೇ ಪ್ರಶ್ನಿ ಏನು ಬರತೈತಿ ಗೊತ್ತೇನು? ಇದರಾಗ ನಿಂದೆಷ್ಟವಾ ಅಂತ. ಏನು ಹೇಳತೀ?"

"ಇದ್ದದ್ದು ಇದ್ಹಂಗ ಹೇಳತೇನ್ರಿ ಸರ್."

"ಹೇಳು. ಅವರು ಥೀಸಿಸ್ ತಿರುಗಿ ಕಳಸತಾರ. ಜೂನ್ ಮುಗೀತೈತಿ. ಆಮ್ಯಾಲ ಯಾರಿಗೆ ಹೇಳತೀ?"

ನಾನು ಒಪ್ಪಲಿಲ್ಲ. ಒಪ್ಪುವುದೂ ಇಲ್ಲ. ಅವರಂತೆ ನಾನಲ್ಲ.

6 ಫೆಬ್ರವರಿ, ಗುರುವಾರ

ಇದರಲ್ಲಿ ನನ್ನದೆಷ್ಟು?

ಕರಡು ನನ್ನದು. ಪ್ರೋಗ್ರಾಂ ನನ್ನದು. ಹರಳಿನ ಆಯ್ಕೆ ನನ್ನದು. ಇಷ್ಟು ವರ್ಷದ ಕಣ್ಣುರಿ ನನ್ನದು. ಚಿತ್ರ ಕೂಡ ಎಲ್ಲ ನಾನೇ ಬಿಡಿಸಿದ್ದು, ಆ ಹುಡುಗಿಗೆ ಗೆರೆ ಎಳೆಯಲೂ ಬರುವುದಿಲ್ಲ. ಅವಳು ಕೇಳಿದ್ದು ಎರಡು ಪ್ರಶ್ನೆ. ಪ್ರಶ್ನೆ ಯಾರು ಬೇಕಾದರೂ ಕೇಳಬಹುದು. ಅಷ್ಟಕ್ಕೂ ಆ ದಿನ ಹಾಳೆ ಸೊಟ್ಟ ಇದ್ದದ್ದನ್ನು ಗಮನಿಸಿದವಳು ನಾನು. ನೆಟ್ಟಗಿಡು ಎಂದು ನಾನು ರೇಗದಿದ್ದರೆ ಅವಳಿಗೆ ಅದು ಹೊಳೆಯುತ್ತಲೇ ಇರಲಿಲ್ಲ.

ಸುಮ್ಮನೆ ಬರೆದಿಟ್ಟೆ. ಹೆಸರು ಇದ್ದೇ ಇರುತ್ತದೆ.

12 ಫೆಬ್ರವರಿ, ಬುಧವಾರ

ನಾಗಲಕ್ಷ್ಮಿ ಸಂದರ್ಶನದ ಅರ್ಜಿ ಹಿಡಿದು ಬಂದಿದ್ದಳು. "ಮೇಡಂ, ಪ್ರಕಟಣೆ ಅಂತ ಒಂದು ಕಲಂ ಐತ್ರಿ. ನಮ್ಮ ಪೇಪರ್ ಬರೀಲೇನ್ರಿ?"

"ಇನ್ನೂ ಕಳಿಸಿಲ್ಲವಾ. ಈಗ ಬ್ಯಾಡ."

"ಹೂಂ ರಿ," ಎಂದಳು. ಯಾಕ್ರಿ ಎನ್ನಲಿಲ್ಲ. ಇತ್ತೀಚೆಗೆ ಸ್ವಲ್ಪ ತಿಳಿವಳಿಕೆ ಬಂದಿದೆ.

ಶಿಫಾರಸು ಪತ್ರ ಮಾತ್ರ ಬಹಳ ಚೆನ್ನಾಗಿ ಬರೆದುಕೊಡುತ್ತೇನೆ. ಹೆಸರಿಗಿಂತ ಅದೇ ಹೆಚ್ಚು ಉಪಯೋಗ.

20 ಫೆಬ್ರವರಿ, ಗುರುವಾರ

ಪೇಪರ್ ಕಳಿಸಿದೆ. ಎರಡು ಹೆಸರು.

ನಮ್ಮವರು ಕೇಳಿದರು, "ಆ ಹುಡುಗೀದು?"

"ಕೊನೇಕ ಹಾಕೇನಿ. ಕೃತಜ್ಞತೆಯೊಳಗ."

ಅವರು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಯಾವಾಗಲೂ ಒಂದು ಚಾಷ್ಟಿ ಮಾಡಿ ನಗಿಸುವ ಮನುಷ್ಯ. ಅವರಿಗೆ ಈ ಕ್ಷೇತ್ರದ ಪದ್ಧತಿ ಗೊತ್ತಿಲ್ಲ. ವಿದ್ಯಾರ್ಥಿಗಳ ಹೆಸರು ಹೀಗೆ ಹಾಕುವುದೂ ದೊಡ್ಡ ಮಾತೇ, ಎಷ್ಟೋ ಜನ ಅದನ್ನೂ ಹಾಕುವುದಿಲ್ಲ.

ಆ ಸಾಲಿಗೆ ಹೊಸ ವಾಕ್ಯ ಹೊಳೆಯಲಿಲ್ಲ. ವಿಕ್ರಮನ ಹಳೆಯ ಪೇಪರಿನಲ್ಲಿದ್ದದ್ದನ್ನೇ ತೆಗೆದು ಹೆಸರು ಬದಲಿಸಿದೆ.

12 ಮಾರ್ಚ್, ಬುಧವಾರ

ಹಾವೇರಿಯ ವಿಚಾರಸಂಕಿರಣದಲ್ಲಿ ಮಾತಾಡಿದೆ. ಸರ್ ಮುಂದಿನ ಸಾಲಿನಲ್ಲಿ. ಲ್ಯಾಬಿನ ಓರೆ ಫರಸಿಯ ಕಥೆ ಹೇಳಿದೆ. ಹಾಳೆ ಜೋಡಿಸುವಾಗ ನೆಲ ನೋಡಿ ತಟ್ಟನೆ ನನಗೆ ಹೇಗೆ ಹೊಳೆಯಿತು ಎಂದು. ಸಭೆ ನಕ್ಕಿತು, ಚಪ್ಪಾಳೆ ಬಿತ್ತು. "ಭಾಳ ಛಲೋ ಹೇಳಿದಿ," ಎಂದು ಸರ್ ಬೆನ್ನು ತಟ್ಟಿದರು. ಇಷ್ಟು ವರ್ಷದಲ್ಲಿ ಮೊದಲ ಸಲ. ಮನುಷ್ಯ ಕೆಟ್ಟವರಲ್ಲ. ಅವರಿಗೂ ಅವರದೇ ಅಡಚಣೆಗಳಿರುತ್ತವೆ.

ನಾಗಲಕ್ಷ್ಮಿ ಬಂದಿರಲಿಲ್ಲ, ಬಸ್ ತಪ್ಪಿತಂತೆ. ಒಳ್ಳೆಯದೇ ಆಯಿತು. ಕುರ್ಚಿ ಕಡಿಮೆ ಇದ್ದವು.

30 ಮಾರ್ಚ್, ರವಿವಾರ

ಯುಗಾದಿ. ಬೇವು ಕಹಿ ಎನಿಸಲೇ ಇಲ್ಲ. ಗಿಡವೇ ಹಾಗಿರಬೇಕು.

24 ಏಪ್ರಿಲ್, ಗುರುವಾರ

ಸ್ವೀಕಾರವಾಯಿತು! ಪರಿಶೀಲಕರೊಬ್ಬರು ಬರೆದಿದ್ದಾರೆ, ಮೂರನೆಯ ಆರ್ಬಿಟಲ್ಲನ್ನೂ ಸೇರಿಸಿದ ಲೇಖಕಿಯ ಒಳನೋಟ ಮೆಚ್ಚತಕ್ಕದ್ದು ಎಂದು. ಎರಡು ಸಲ ಓದಿದೆ. ಪ್ರಾಂಶುಪಾಲರು ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದರು.

ಆ ಮೂರನೆಯದನ್ನು ಬಿಟ್ಟದ್ದೇ ತಪ್ಪು ಎಂದು ನನಗೆ ಮೊದಲಿನಿಂದಲೂ ಒಳಗೊಳಗೇ ಅನಿಸುತ್ತಿತ್ತು.

2 ಮೇ, ಶುಕ್ರವಾರ

ಅಚ್ಚಿನ ಕರಡು ಬಂದಿದೆ, ತಪ್ಪಿದ್ದರೆ ನಾಳೆಯೊಳಗೆ ತಿದ್ದಿ ಕಳಿಸಬೇಕು. ಮೇಜಿನ ಮೇಲೆ ಬಿಟ್ಟು ತರಗತಿಗೆ ಹೋಗಿದ್ದೆ. ಬರುವಷ್ಟರಲ್ಲಿ ನಾಗಲಕ್ಷ್ಮಿ ನಿಂತುಕೊಂಡು ಓದುತ್ತಿದ್ದಳು. ಮೊದಲ ಪುಟವಲ್ಲ, ಕೊನೆಯದು.

ಕೂರಲು ಹೇಳಿದೆ. ಕೂರಲಿಲ್ಲ. ನಾನೇ ಸಮಾಧಾನದಿಂದ ತಿಳಿಸಿ ಹೇಳಿದೆ.

"ನೋಡವಾ, ನನಗ ಜೂನ್ ಗಡುವು ಇತ್ತು. ನಿಂದೇನು, ವಯಸ್ಸೈತಿ, ಮುಂದ ಹತ್ತು ಪೇಪರ್ ಬರೀತಿ. ಹೆಸರಿನಾಗ ಏನೈತಿ? ಕಲತಿದ್ದು ಎಲ್ಲಿ ಹೋಗತೈತಿ, ನಿನ್ನ ಹಂತ್ಯಾಕ ಇರತೈತಲ್ಲ."

ಅವಳು ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಹಾಳೆಗಳನ್ನು ಮೇಜಿನ ಅಂಚಿಗೆ ನೆಟ್ಟಗೆ ಜೋಡಿಸಿ ಇಟ್ಟಳು.

"ಚಿತ್ರ ನಾ ಬಿಡಿಸಿಲ್ರಿ ಮೇಡಂ," ಎಂದಳು. "ಅವು ನಿಮ್ಮವು."

ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಶಿಫಾರಸು ಪತ್ರ ಬರೆದು ಲಕೋಟೆಯಲ್ಲಿ ಹಾಕಿಟ್ಟಿದ್ದೆ. ಅದನ್ನು ತೆಗೆದುಕೊಳ್ಳಲಿಲ್ಲ. ಇಷ್ಟು ಕಲಿಸಿದ್ದಕ್ಕೆ ಹೋಗಿಬರುತ್ತೇನೆ ಎಂಬ ಒಂದು ಮಾತೂ ಇಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಈಗಿನ ಮಕ್ಕಳೇ ಹೀಗೆ.

ಆದರೆ ಅವಳು ಹೇಳಿದ್ದು ನಿಜ. ಚಿತ್ರಗಳೆಲ್ಲ ನನ್ನವೇ, ಆ ಸಾಲು ತಪ್ಪಾಗಿದೆ. 'ಚಿತ್ರಗಳನ್ನು ಸಿದ್ಧಪಡಿಸಲು ನೆರವಾದ' ಎಂಬುದನ್ನು ತೆಗೆದು 'ಉಪಯುಕ್ತ ಚರ್ಚೆಗಾಗಿ' ಎಂದು ಹಾಕುತ್ತೇನೆ. ಹೆಸರಿನ ಮೊದಲು ಎಫ್. ಬಿಟ್ಟುಹೋಗಿತ್ತು, ಅದನ್ನೂ ಸೇರಿಸುತ್ತೇನೆ. ಅವಳ ಅವ್ವ ಕೇಳಿದ್ದು ಒಂದಕ್ಷರ ತಾನೆ.